ನೀರು ಎಲ್ಲಿಗೆ ಹೋಗುತ್ತದೆ, ಭಾರ ಎಲ್ಲಿ ಇಳಿಯುತ್ತದೆ

(ದಾವಣಗೆರೆಯಲ್ಲಿ ಮಳಿಗೆ, ಗೋದಾಮು ಮತ್ತು ಗಿರಣಿಗಳ ಮಾಲೀಕರು, ಬಾಡಿಗೆದಾರರು ಸೇರಿದ್ದ ಸಭೆಯಲ್ಲಿ, ಕಟ್ಟಡದ ದೋಷಗಳನ್ನು ಗುರುತಿಸುವ ಬಗ್ಗೆ ಆಡಿದ ಮಾತುಗಳ ಬರಹ ರೂಪ.)

ಹದಿನೈದು ವರ್ಷಗಳ ಹಿಂದೆ ಮಾರಾಟಕ್ಕಿದ್ದ ಒಂದು ಎಣ್ಣೆ ಗಿರಣಿಯ ಗೋದಾಮನ್ನು ನೋಡಲು ಹೋಗಿದ್ದೆ. ಕೊಳ್ಳುವವರು ಜೊತೆಯಲ್ಲಿದ್ದರು, ಅವರಿಗೆ ಅವಸರವಿತ್ತು. ಚಾವಣಿ ಎಲ್ಲೆಲ್ಲಿ ಸೋರುತ್ತದೆ ಎಂದು ತಿಳಿಯಬೇಕಿತ್ತು. ನನ್ನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ, ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿದ್ದವನು, ಏಣಿ ಹತ್ತಿ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟ. ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಗೆ ಶೀಟು ಒಡೆಯಿತು. ಕೆಳಗೆ ಶೇಂಗಾ ಹೊಟ್ಟಿನ ಚೀಲಗಳ ರಾಶಿ ಇತ್ತು, ಅದರ ಮೇಲೆ ಬಿದ್ದ. ತೊಡೆಯ ಮೂಳೆ ಮುರಿಯಿತು, ಜೀವ ಉಳಿಯಿತು. ಆ ರಾಶಿ ಒಂದು ಮಾರು ಆಚೆ ಇದ್ದಿದ್ದರೆ ಅವನು ಬೀಳುತ್ತಿದ್ದುದು ಕಲ್ಲು ಹಾಸಿದ ನೆಲದ ಮೇಲೆ. ಅವನನ್ನು ಹತ್ತಿಸಿದವನು ನಾನು. ‘ಜೋಪಾನ’ ಎಂದು ಹೇಳಿಯೇ ಹತ್ತಿಸಿದ್ದೆ. ಜೋಪಾನ ಎಂಬ ಮಾತು ಶೀಟನ್ನು ಗಟ್ಟಿ ಮಾಡುವುದಿಲ್ಲ ಎಂದು ಅವತ್ತು ತಿಳಿಯಿತು.

ಆದ್ದರಿಂದ ಕಟ್ಟಡದ ದೋಷಗಳ ಮಾತಿಗೆ ಮುಂಚೆ ಕಟ್ಟಡವನ್ನು ನೋಡಲು ಹೋಗುವವರ ಮಾತು. ನೀವು ಕೊಳ್ಳಲು ಹೋಗಿರಬಹುದು, ಬಾಡಿಗೆಗೆ ಹಿಡಿಯಲು ಹೋಗಿರಬಹುದು, ಸಾಲ ಕೊಡುವ ಬ್ಯಾಂಕಿನ ಪರವಾಗಿ ಹೋಗಿರಬಹುದು. ಬಹುಕಾಲ ಬೀಗ ಹಾಕಿದ್ದ ಕಟ್ಟಡಕ್ಕೆ ಒಬ್ಬರೇ ಹೋಗಬೇಡಿ. ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ಹೊತ್ತಿಗೆ ಹೊರಗೆ ಬರುತ್ತೇನೆ ಎಂದು ಹೊರಗಿನ ಒಬ್ಬರಿಗೆ ಹೇಳಿ ಹೋಗಿ. ಕಾವಲುಗಾರನಿದ್ದರೆ ಹತ್ತು ನಿಮಿಷ ಅವನ ಜೊತೆ ಕುಳಿತು ಮಾತನಾಡಿ. ಎಲ್ಲಿ ಹಾವು ಕಂಡಿದೆ, ಎಲ್ಲಿ ಜೇನು ಕಟ್ಟಿದೆ, ಯಾವ ಗೋಡೆ ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಎಂಬುದು ಮಾಲೀಕರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ದಪ್ಪ ಅಡಿಯ ಶೂ, ತಲೆಗೆ ಹೆಲ್ಮೆಟ್, ಕೈಯಲ್ಲಿ ಟಾರ್ಚು ಇರಲಿ. ಮೊಬೈಲಿನ ಬೆಳಕು ಸಾಲದು, ಫೋಟೊ ತೆಗೆಯುವ ಹೊತ್ತಿಗೆ ಅದು ಆರಿಹೋಗುತ್ತದೆ. ಪಾರಿವಾಳ, ಬಾವಲಿಗಳ ಹಿಕ್ಕೆ ಬಿದ್ದ ಕಡೆ ಮೂಗಿಗೆ ಮುಸುಕು ಬೇಕು.

ಶೀಟಿನ ಚಾವಣಿಯನ್ನು ಹತ್ತಲೇಬೇಡಿ. ಬೋಲ್ಟಿನ ಸಾಲಿನ ಮೇಲೆ ಕಾಲಿಟ್ಟರೆ ಏನೂ ಆಗುವುದಿಲ್ಲ ಎಂದು ಹಳಬರು ಹೇಳುತ್ತಾರೆ. ಹೊಸ ಶೀಟಿನಲ್ಲೂ ಆ ಮಾತನ್ನು ನೆಚ್ಚಬಾರದು, ಬಿಸಿಲು ಮಳೆ ತಿಂದು ಪಾಚಿ ಹಿಡಿದ ಹಳೆಯ ಶೀಟಿನಲ್ಲಂತೂ ನೆಚ್ಚಲೇಬಾರದು. ಬೆಳಕಿಗೆಂದು ನಡುನಡುವೆ ಹಾಕಿದ ಪ್ಲಾಸ್ಟಿಕ್ ಶೀಟುಗಳು ಧೂಳು ಕೂತು ಸಿಮೆಂಟ್ ಶೀಟಿನಂತೆಯೇ ಕಾಣುತ್ತವೆ. ಚಾವಣಿಯನ್ನು ಕೆಳಗಿನಿಂದ ನೋಡಿ. ನಡುಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಒಳಗೆ ನಿಂತರೆ ಪ್ರತಿಯೊಂದು ತೂತೂ ನಕ್ಷತ್ರದಂತೆ ಹೊಳೆಯುತ್ತದೆ. ಮೇಲಿನಿಂದ ನೋಡಲೇಬೇಕಾದರೆ ಉದ್ದನೆಯ ಕೋಲಿಗೆ ಕ್ಯಾಮೆರಾ ಕಟ್ಟಿ, ಇಲ್ಲವೇ ಪಕ್ಕದ ಎತ್ತರದ ಕಟ್ಟಡದಿಂದ ನೋಡಿ.

ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನ, ತಾರಸಿಗೆ ಹೋದರೂ ಅದರ ಅಂಚಿನ ಪ್ಯಾರಾಪೆಟ್ ಗೋಡೆಗೆ ಒರಗಬೇಡಿ. ಹಳೆಯ ಪೇಟೆಗಳಲ್ಲಿ ಆ ಗೋಡೆ ಒಂದೇ ಇಟ್ಟಿಗೆಯ ದಪ್ಪ ಇರುತ್ತದೆ, ಬುಡದಲ್ಲಿ ಉದ್ದಕ್ಕೂ ಬಿರುಕು ಬಿಟ್ಟಿರುತ್ತದೆ. ತಾರಸಿಗೆ ಕಾಲಿಡುವ ಮುನ್ನ ತಲೆಯೆತ್ತಿ ವಿದ್ಯುತ್ ತಂತಿ ಎಲ್ಲಿದೆ ನೋಡಿ. 11 ಸಾವಿರ ವೋಲ್ಟಿನ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಬೇಕು ಎಂಬ ನಿಯಮವಿದೆ. ತಂತಿ ಹೋದ ಮೇಲೆ ಇನ್ನೊಂದು ಅಂತಸ್ತು ಏರಿಸಿದವರಿಗೆ ಆ ನಿಯಮ ನೆನಪಿರುವುದಿಲ್ಲ. ಅಂಥ ಕಡೆ ಉಕ್ಕಿನ ಅಳತೆ ಟೇಪನ್ನು ಗಾಳಿಯಲ್ಲಿ ಚಾಚುವುದು ಸಾವನ್ನು ಕರೆಯುವ ಕೆಲಸ. ಸಂಪು, ಶೌಚದ ಗುಂಡಿ, ಅಕ್ಕಿ ಗಿರಣಿಯಲ್ಲಿ ಭತ್ತ ನೆನೆಸುವ ತೊಟ್ಟಿ, ಇವುಗಳಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ವಿಷಗಾಳಿಗೆ ಬಣ್ಣವಿಲ್ಲ, ಎಷ್ಟೋ ಸಲ ವಾಸನೆಯೂ ಇಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಮುಚ್ಚಳ ತೆಗೆದು, ದೂರ ನಿಂತು, ಟಾರ್ಚಿನ ಬೆಳಕು ಬಿಟ್ಟು ನೋಡಿದರೆ ನಿಮಗೆ ಬೇಕಾದಷ್ಟು ಕಾಣುತ್ತದೆ. ಸ್ವಿಚ್‌ಬೋರ್ಡಿನ ಬಾಗಿಲನ್ನು ಎಲೆಕ್ಟ್ರೀಷಿಯನ್ ತೆಗೆಯಲಿ. ಸುಟ್ಟ ವಾಸನೆ, ಕಂದಿದ ಪ್ಲಾಸ್ಟಿಕ್, ಟೇಪು ಸುತ್ತಿದ ತಂತಿ ಕಂಡರೆ ಬರೆದುಕೊಳ್ಳಿ, ಮುಟ್ಟಬೇಡಿ.

ಈಗ ಕಟ್ಟಡಕ್ಕೆ ಬರೋಣ. ನಾನು ಕಲಿತದ್ದನ್ನೆಲ್ಲ ಹಿಂಡಿದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಈ ಕಟ್ಟಡದಲ್ಲಿ ನೀರು ಎಲ್ಲಿಗೆ ಹೋಗುತ್ತದೆ? ಈ ಕಟ್ಟಡದಲ್ಲಿ ಭಾರ ಎಲ್ಲಿ ಇಳಿಯುತ್ತದೆ? ಬಿರುಕು, ತೇವ, ಬಾಗು, ತುಕ್ಕು ಎಲ್ಲವೂ ಈ ಎರಡರಲ್ಲಿ ಯಾವುದೋ ಒಂದು ದಾರಿ ತಪ್ಪಿದೆ ಎಂಬುದರ ಗುರುತುಗಳು. ಜನ ಗುರುತನ್ನು ಮುಚ್ಚಲು ಹಣ ಸುರಿಯುತ್ತಾರೆ, ದಾರಿಯನ್ನು ಹುಡುಕುವುದಿಲ್ಲ. ನನಗೆ ಇದರಷ್ಟು ಸಂಕಟ ಕೊಡುವ ಸಂಗತಿ ಬೇರೆ ಇಲ್ಲ.

ಚಿತ್ರದುರ್ಗದ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. ಮುಂದಿನ ಸಲ ಹೋದಾಗ ಬುರುಜು ಬತೇರಿಗಳ ಜೊತೆಗೆ ನೀರನ್ನೂ ನೋಡಿ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಮುಂದೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಎಂದು ನೀರಿಗೆ ಇಳಿಯುವ ದಾರಿ ಮಾಡಿಕೊಟ್ಟಿದ್ದಾರೆ. ಬಂಡೆಯ ಬೆಟ್ಟದ ಮೇಲೆ ಬಿದ್ದ ಮಳೆ ಗೋಡೆಯನ್ನು ಕೊರೆಯದೆ ಹೊಂಡಕ್ಕೆ ಸೇರಿತು, ಕೋಟೆಯೂ ಉಳಿಯಿತು, ಊರಿಗೂ ನೀರು ಸಿಕ್ಕಿತು. ಅದೇ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದ ನಾವು ಇವತ್ತು ಕಟ್ಟುವ ವಾಣಿಜ್ಯ ಸಂಕೀರ್ಣದಲ್ಲಿ ತಾರಸಿಯ ನೀರನ್ನು ಪಕ್ಕದವರ ಪಾಯದ ಮೇಲೆ ಬಿಡುತ್ತೇವೆ.

ಹಾಗಾಗಿ ಯಾವ ಕಟ್ಟಡಕ್ಕೆ ಹೋದರೂ ಮೊದಲು ಒಳಗೆ ಹೋಗಬೇಡಿ. ಹೊರಗೆ ಒಂದು ಸುತ್ತು ಬನ್ನಿ. ನಾಲ್ಕೂ ಕಡೆ ಸುತ್ತಲು ಜಾಗವಿಲ್ಲದಿದ್ದರೆ, ನಮ್ಮ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಇರುವುದೇ ಇಲ್ಲ, ಎದುರಿನ ಅಂಗಡಿಯ ಮಹಡಿಗೆ ಹೋಗಿ ನೋಡಿ. ಮಳೆನೀರಿನ ಪೈಪು ಎಲ್ಲಿ ಬಾಯಿ ಬಿಡುತ್ತದೆ? ಅದರ ಕೆಳಗೆ ಗೋಡೆ ಕಪ್ಪಾಗಿದೆಯೇ? ಚರಂಡಿಯ ಮಟ್ಟ ಅಂಗಡಿಯ ನೆಲಕ್ಕಿಂತ ಮೇಲಿದೆಯೇ? ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ, ಆಮೇಲೆ ಕಾಂಕ್ರೀಟ್ ಹಾಕಿ, ಹಳೆಯ ಮಳಿಗೆಗಳ ಹೊಸ್ತಿಲು ರಸ್ತೆಗಿಂತ ಕೆಳಗಾಗಿರುವುದನ್ನು ನೀವೇ ಕಂಡಿದ್ದೀರಿ. ಗೋಡೆಯ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದೆ ಎಂದರೆ ಅಲ್ಲಿ ವರ್ಷವಿಡೀ ತೇವ ಇದೆ ಎಂದೇ ಅರ್ಥ. ಸಸಿಯನ್ನು ಕಿತ್ತರೆ ಸಾಲದು, ಅದಕ್ಕೆ ನೀರು ಕೊಡುತ್ತಿರುವ ಪೈಪು ಯಾವುದು ಎಂದು ಹುಡುಕಬೇಕು. ಒಳಗೆ ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಹೊಮ್ಮಿ, ಗಿಲಾವು ಪುಡಿಪುಡಿಯಾಗಿ ಉದುರುತ್ತಿದ್ದರೆ ನೀರು ನೆಲದಿಂದ ಮೇಲೇರುತ್ತಿದೆ. ತಲೆಯ ಮಟ್ಟದಲ್ಲಿ, ಅದೂ ಒಂದೇ ಕಡೆ ಮಚ್ಚೆಯಿದ್ದರೆ ಮೇಲಿನ ಶೌಚಾಲಯವನ್ನು ನೋಡಿ.

ಇನ್ನು ಮಣ್ಣು. ಚಿತ್ರದುರ್ಗ ನಗರದಲ್ಲಿ ಪಾಯ ತೋಡಿದರೆ ಬೇಗನೆ ಬಂಡೆಯೋ ಗಟ್ಟಿ ಮೊರಮೊ ಸಿಗುತ್ತದೆ. ಅಲ್ಲಿನ ತೊಂದರೆ ಬೇರೆ. ಕಟ್ಟಡದ ಅರ್ಧ ಬಂಡೆಯ ಮೇಲೆ, ಅರ್ಧ ತುಂಬಿಸಿದ ಮಣ್ಣಿನ ಮೇಲೆ ಕೂತಿದ್ದರೆ ತುಂಬಿಸಿದ ಕಡೆ ಕುಸಿದು, ಎರಡೂ ಸೇರುವ ಗೆರೆಯಲ್ಲಿ ಗೋಡೆ ಸೀಳುತ್ತದೆ. ದಾವಣಗೆರೆ, ಹರಿಹರದ ಸುತ್ತ ಎರೆಭೂಮಿ. ಭದ್ರಾ ನಾಲೆಯ ನೀರು ಉಂಡ ಗದ್ದೆಗಳು ಬಡಾವಣೆಗಳಾಗಿವೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿನೊಳಗೆ ಮೊಳದುದ್ದದ ಕೋಲು ಇಳಿಯುವುದನ್ನು ರೈತನ ಮಗನಾದ ಯಾರೂ ಮರೆಯುವುದಿಲ್ಲ. ಆ ಹೊಲದ ಮೇಲೆ ಮೂರು ಅಡಿ ಪಾಯ ಹಾಕಿ ಮಳಿಗೆ ಕಟ್ಟಿದರೆ ಮಳಿಗೆಯೂ ಹೊಲದ ಜೊತೆಗೇ ಉಸಿರಾಡುತ್ತದೆ. ಈ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲುಗಳನ್ನು, ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬಗಳನ್ನು, ಬಳಕೆಗೆ ತಂದಿತು. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ, ಅಂದರೆ ಋತುವಿನಿಂದ ಋತುವಿಗೆ ತೇವ ಬದಲಾಗುವ ಪದರವನ್ನು ದಾಟಿ, ಅವು ಇಳಿಯಬೇಕು. ಕೊಳ್ಳುವ ಕಟ್ಟಡಕ್ಕೆ ಯಾವ ಬಗೆಯ ಪಾಯ ಹಾಕಿದ್ದಾರೆ ಎಂದು ಕೇಳಿ. ನಕ್ಷೆಯಿಲ್ಲದಿದ್ದರೆ ಪಾಯ ತೋಡಿದ ಮೇಸ್ತ್ರಿಯನ್ನು ಹುಡುಕಿ. ಇಂಥ ಊರಿನಲ್ಲಿ ಅವರು ಸಿಗುತ್ತಾರೆ.

ಬಿರುಕುಗಳನ್ನು ಕಂಡು ಎಲ್ಲರೂ ಹೆದರುತ್ತಾರೆ. ಎಲ್ಲ ಬಿರುಕಿಗೂ ಹೆದರಬೇಕಿಲ್ಲ, ಕೆಲವಕ್ಕೆ ಈಗ ಹೆದರುವುದಕ್ಕಿಂತ ಹೆಚ್ಚು ಹೆದರಬೇಕು. ಜೇಡರ ಬಲೆಯಂತೆ ಗಿಲಾವಿನ ಮೇಲೆ ಹರಡಿದ ಕೂದಲೆಳೆ ಬಿರುಕು ಗಿಲಾವಿನದ್ದೇ, ಒಣಗುವಾಗ ಬಂದದ್ದು. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೇರವಾಗಿ ನಿಂತ ಸಣ್ಣ ಬಿರುಕು, ಎರಡು ಬೇರೆ ಬೇರೆ ವಸ್ತುಗಳು ಬಿಸಿಲಿಗೆ ಬೇರೆ ಬೇರೆಯಾಗಿ ಹಿಗ್ಗಿದ್ದರಿಂದ ಬಂದದ್ದು. ಇವು ಕಣ್ಣಿಗೆ ಕೆಟ್ಟದಾಗಿ ಕಾಣುತ್ತವೆ, ಕಟ್ಟಡವನ್ನು ಬೀಳಿಸುವುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಹಾಗಲ್ಲ. ಅದು ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಿದ್ದರೆ, ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ, ಕಟ್ಟಡದ ಒಂದು ತುದಿ ಕೆಳಗಿಳಿಯುತ್ತಿದೆ. ಎರೆಭೂಮಿಯಲ್ಲಿ ಇದು ಬಹಳ. ಕಟ್ಟಡದ ನಡುವಿನ ಮಣ್ಣು ನೆರಳಿನಲ್ಲಿ ತೇವ ಉಳಿಸಿಕೊಳ್ಳುತ್ತದೆ, ಅಂಚಿನ ಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಅಂಚಿನ ಗೋಡೆ ಅದರ ಜೊತೆ ಇಳಿಯುತ್ತದೆ. ಗೋಡೆಯ ಪಕ್ಕದಲ್ಲೇ ದೊಡ್ಡ ಮರವಿದ್ದರೆ ಬೇರು ಮಣ್ಣಿನ ನೀರನ್ನು ಹೀರಿ ಇನ್ನಷ್ಟು ಕುಗ್ಗಿಸುತ್ತದೆ. ಒಡೆದ ಪೈಪಿನ ನೀರು ಒಂದೇ ಮೂಲೆಗೆ ಇಂಗುತ್ತಿದ್ದರೆ ಇದಕ್ಕೆ ಉಲ್ಟಾ, ಆ ಮೂಲೆ ಮೇಲೇಳುತ್ತದೆ, ನೆಲದ ಕಲ್ಲು ಉಬ್ಬುತ್ತದೆ, ಬಾಗಿಲು ಚೌಕಟ್ಟಿನಲ್ಲಿ ಹಿಡಿಯುತ್ತದೆ.

ಈ ಬಿರುಕು ಮೇ ತಿಂಗಳಲ್ಲಿ ಬಾಯಿ ತೆರೆದು ಸೆಪ್ಟೆಂಬರಿನಲ್ಲಿ ಮುಚ್ಚಿಕೊಳ್ಳುತ್ತದೆ. ಮಳೆಗಾಲದ ಕೊನೆಯಲ್ಲಿ ಸುಣ್ಣ ಬಳಿದು ಮಾರಾಟಕ್ಕಿಟ್ಟ ಕಟ್ಟಡದಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ದೊಡ್ಡ ವ್ಯವಹಾರವಾದರೆ ಕಟ್ಟಡವನ್ನು ಎರಡು ಋತುಗಳಲ್ಲಿ ನೋಡಿ. ಅಷ್ಟು ಕಾಯಲಾಗದಿದ್ದರೆ ಹೊಸ ಬಣ್ಣ, ಹೊಸ ಫಾಲ್ಸ್ ಸೀಲಿಂಗ್, ಒಂದೇ ಗೋಡೆಗೆ ಹೊಡೆದ ಪ್ಲೈವುಡ್, ಇವುಗಳ ಹಿಂದೆ ಏನಿದೆ ಎಂದು ಕೇಳಿ. ಒಂದು ಹಲಗೆಯನ್ನಾದರೂ ಬಿಚ್ಚಿಸಿ ತೋರಿಸಿ ಎಂದು ಕೇಳಲು ಕೊಳ್ಳುವವರು ಹಿಂಜರಿಯಬೇಕಿಲ್ಲ.

ಬಿರುಕನ್ನು ಅಳೆಯಲು ದುಬಾರಿ ಉಪಕರಣ ಬೇಡ. ಮಕ್ಕಳು ಬಳಸುವ ಒತ್ತುವ ಪೆನ್ಸಿಲಿನ 0.5 ಮಿಲಿಮೀಟರ್ ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಕಾಂಕ್ರೀಟಿನ ಬಿರುಕಿನೊಳಗೆ ಅದು ಸಲೀಸಾಗಿ ಇಳಿಯಿತೆಂದರೆ ಎಂಜಿನಿಯರನ್ನು ಕರೆಯಬೇಕು. ಸಾಮಾನ್ಯ ಪರಿಸ್ಥಿತಿಯಲ್ಲಿ ಕಾಂಕ್ರೀಟಿಗೆ ನಮ್ಮ ದೇಶದ ಕಟ್ಟಡ ಮಾನಕ ಒಪ್ಪುವ ಬಿರುಕಿನ ಅಗಲವೇ 0.3 ಮಿಲಿಮೀಟರ್. ಬಿರುಕಿನ ಎರಡೂ ತುದಿಗಳಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಅದರ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನು ಎರಡೂ ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ. ಗಾಜು ಒಡೆಯಿತೆಂದರೆ ಬಿರುಕು ಜೀವಂತವಾಗಿದೆ. ಜೀವಂತ ಬಿರುಕಿಗೆ ಸಿಮೆಂಟ್ ತುಂಬುವುದು ದುಡ್ಡು ದಂಡ.

ಕಾಂಕ್ರೀಟಿನೊಳಗಿನ ಕಬ್ಬಿಣದ ಕಡೆಗೆ ಬರುತ್ತೇನೆ. ಕಾಂಕ್ರೀಟು ಗಟ್ಟಿಯಾಗಿ, ಸಾಕಷ್ಟು ದಪ್ಪವಾಗಿ ಹೊದ್ದಿರುವವರೆಗೆ ಒಳಗಿನ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಸಾಮಾನ್ಯವಾಗಿ ಪಿಲ್ಲರಿನಲ್ಲಿ ಕಂಬಿಯ ಹೊರಗೆ 40 ಮಿಲಿಮೀಟರ್, ಸ್ಲ್ಯಾಬಿನಲ್ಲಿ 20 ಮಿಲಿಮೀಟರ್ ಹೊದಿಕೆ ಬೇಕು. ಕಂಬಿಯ ಕೆಳಗೆ ಅದನ್ನು ಎತ್ತಿ ಹಿಡಿಯುವ ಕವರ್ ಬ್ಲಾಕಿನ ಬದಲು ಜಲ್ಲಿಕಲ್ಲಿನ ಚೂರು ಇಟ್ಟು ಸ್ಲ್ಯಾಬ್ ಹಾಕಿದ ಕಡೆ ಆ ಚೂರು ಜಾರಿ, ಕಂಬಿ ಹೆಚ್ಚುಕಡಿಮೆ ಬರಿಮೈಯಲ್ಲಿ ಉಳಿಯುತ್ತದೆ. ಮೇಲಿನಿಂದ ನೀರು ಬಂದು ತುಕ್ಕು ಹಿಡಿದರೆ ಆ ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಸ್ಲ್ಯಾಬಿನ ಕೆಳಮೈಯಲ್ಲಿ, ಪಿಲ್ಲರಿನ ಮೂಲೆಯಲ್ಲಿ ದಾರ ಹಿಡಿದು ಎಳೆದಂತೆ ನೇರವಾದ ಬಿರುಕು, ಅಂಚಿನಲ್ಲಿ ಕಂದು ಬಣ್ಣದ ಕಲೆ ಕಂಡರೆ ಅದು ಕಂಬಿ ಬರೆದ ಗೆರೆ. ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ತಟ್ಟುವಾಗ ಅದರ ನೇರ ಕೆಳಗೆ ನಿಲ್ಲಬೇಡಿ. ಉದುರಿದ ಕಡೆಗೆ ಗಾರೆ ಮೆತ್ತಿ ಬಣ್ಣ ಹೊಡೆಯುವುದು ಹುಣ್ಣಿನ ಮೇಲೆ ಪೌಡರ್ ಹಾಕಿದ ಹಾಗೆ. ಮೊದಲು ನೀರು ನಿಲ್ಲಬೇಕು, ಕೊಳೆತ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ತೆಗೆಯಬೇಕು, ತುಕ್ಕು ಉಜ್ಜಬೇಕು, ಕಂಬಿ ಸವೆದಿದ್ದರೆ ಜೊತೆಗೆ ಹೊಸದು ಸೇರಿಸಬೇಕು, ಆಮೇಲೆ ತಕ್ಕ ಗಾರೆ. ಆ ಖರ್ಚನ್ನು ಕೊಳ್ಳುವ ಬೆಲೆಯಿಂದ ಕಳೆಯಿರಿ.

ಹಳೆಯ ಪೇಟೆಯ ಮರದ ತೊಲೆಯ ಮಾಳಿಗೆಗಳಲ್ಲಿ ತೊಲೆ ಗೋಡೆಯೊಳಗೆ ಹೋಗುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಗೆದ್ದಲು, ತೇವ ಎರಡೂ ಅಲ್ಲಿಂದಲೇ ಶುರು. ಕಲ್ಲುಚಪ್ಪಡಿಯ ಚಾವಣಿಯಾದರೆ ಇನ್ನೂ ಎಚ್ಚರ ಬೇಕು. ಆರ್‌ಸಿಸಿ ಬಾಗಿ, ಬಿರುಕು ಬಿಟ್ಟು, ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಕಲ್ಲು ಹೆಚ್ಚು ಮಾತನಾಡುವುದಿಲ್ಲ, ಮುರಿಯುತ್ತದೆ.

ಭಾರದ ಮಾತಿಗೆ ಬಂದೆ. ಇದನ್ನು ಈ ಊರಿನಲ್ಲಿ ಗಟ್ಟಿಯಾಗಿ ಹೇಳಲೇಬೇಕು, ಏಕೆಂದರೆ ಇದು ಚೀಲಗಳ ಊರು. ಅಕ್ಕಿ, ಮೆಕ್ಕೆಜೋಳ, ಮಂಡಕ್ಕಿ, ಶೇಂಗಾ. ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಎಂದು ಲೆಕ್ಕ ಹಿಡಿದು ಸ್ಲ್ಯಾಬ್ ಹಾಕುತ್ತಾರೆ. ಅಂಗಡಿಗೆ ಸುಮಾರು 400. ಗೋದಾಮಿಗೆ ಪೇರಿಸುವ ಎತ್ತರದ ಪ್ರತಿ ಮೀಟರಿಗೆ 240 ಕಿಲೋದಂತೆ, ಎಷ್ಟೇ ಕಡಿಮೆಯೆಂದರೂ 750. ಈಗ 50 ಕಿಲೋ ಅಕ್ಕಿಯ ಚೀಲವನ್ನು ಮಲಗಿಸಿದರೆ ಅದು ಹೆಚ್ಚುಕಡಿಮೆ ಅರ್ಧ ಚದರ ಮೀಟರ್ ಜಾಗ ಹಿಡಿಯುತ್ತದೆ. ಒಂದರ ಮೇಲೊಂದು ಪೇರಿಸಿ ಹತ್ತು ಚೀಲದ ಲಾಟು ಕಟ್ಟಿದಿರಿ ಎಂದುಕೊಳ್ಳಿ. ಅರ್ಧ ಚದರ ಮೀಟರಿನ ಮೇಲೆ 500 ಕಿಲೋ, ಅಂದರೆ ಚದರ ಮೀಟರಿಗೆ ಒಂದು ಟನ್ನು. ಮನೆಗೆಂದು ಕಟ್ಟಿದ ಮೊದಲ ಮಹಡಿಯನ್ನು ದಾಸ್ತಾನಿಗೆ ಬಾಡಿಗೆ ಕೊಟ್ಟರೆ ಅದರ ಮೇಲೆ ಐದು ಪಟ್ಟು ಭಾರ ಕೂರಿಸಿದಿರಿ. ಅದು ಇವತ್ತು ಬೀಳುವುದಿಲ್ಲ. ಸ್ಲ್ಯಾಬ್ ಹಾಕಿದವರು ಸ್ವಲ್ಪ ಉಳಿತಾಯ ಇಟ್ಟಿರುತ್ತಾರೆ. ಆ ಉಳಿತಾಯವನ್ನು ನೀವು ದಿನವೂ ಖರ್ಚು ಮಾಡುತ್ತಿರುತ್ತೀರಿ, ಅಷ್ಟೆ.

ನಾನು ನೋಡಿದ ಒಂದು ಮಳಿಗೆಯಲ್ಲಿ ಹಮಾಲರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ‘ಯಜಮಾನರೇ, ಮೂರನೆಯ ಸಾಲಿನ ಲಾಟು ಕಟ್ಟುವಾಗ ಕಾಲಡಿಯಲ್ಲಿ ನೆಲ ಮೆತ್ತಗಾದ ಹಾಗೆ ಅನ್ನಿಸುತ್ತದೆ. ಸಾಹುಕಾರರಿಗೆ ಹೇಳಿದರೆ ನಿನಗೆ ವಯಸ್ಸಾಯಿತು ಅನ್ನುತ್ತಾರೆ.’ ಸ್ಲ್ಯಾಬಿನ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಬಿಗಿಯಾಗಿ ದಾರ ಕಟ್ಟಿ ನಡುವೆ ಅಳೆದೆವು. ಐದು ಮೀಟರ್ ಅಂತರಕ್ಕೆ 20 ಮಿಲಿಮೀಟರ್ ಬಾಗು ಮಾನಕದ ಮಿತಿ. ಅಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚಿತ್ತು. ಅವತ್ತೇ ಚೀಲ ಇಳಿಸಿ, ಕೆಳಗೆ ಜಾಕ್ ಕೊಟ್ಟು ನಿಲ್ಲಿಸಿದೆವು. ಅಳತೆಯ ದಾರ ಹೇಳುವ ಮೊದಲೇ ಆ ಹಿರಿಯರ ಪಾದಗಳು ಹೇಳಿದ್ದವು. ಕಟ್ಟಡವನ್ನು ಪರೀಕ್ಷಿಸುವವರು ಅಲ್ಲಿ ದುಡಿಯುವವರನ್ನು ಕೇಳದೆ ಹೊರಟರೆ ಅರ್ಧ ಕೆಲಸ ಬಾಕಿ ಉಳಿಸಿ ಹೋದಂತೆ.

ಇದೇ ಬಗೆಯ ಇನ್ನೂ ಕೆಲವು ಅಪರಾಧಗಳಿವೆ, ಅಪರಾಧ ಎಂದೇ ಕರೆಯುತ್ತೇನೆ. ಗೋಡೆಗಳ ಮೇಲೆಯೇ ನಿಂತ ಹಳೆಯ ಕಟ್ಟಡದಲ್ಲಿ ಎರಡು ಅಂಗಡಿಗಳನ್ನು ಒಂದು ಮಾಡಲು ನಡುಗೋಡೆ ಒಡೆಯುವುದು. ಎಸಿ ಪೈಪಿಗೆ ಬೀಮನ್ನು ಕೊರೆಯುವುದು. ತಾರಸಿಯ ನಡುವೆ ಐದು ಸಾವಿರ ಲೀಟರಿನ ಟ್ಯಾಂಕು ಕೂರಿಸುವುದು, ಅದು ಐದು ಟನ್ನು. ಪಕ್ಕದ ನಿವೇಶನದಲ್ಲಿ ಆಸರೆಯಿಲ್ಲದೆ ನೆಲಮಾಳಿಗೆಗೆ ಅಗೆಯುವುದು. ಬೀಮು ಪಿಲ್ಲರಿಗೆ ಸೇರುವ ಹತ್ತಿರ 45 ಡಿಗ್ರಿ ಓರೆಯ ಬಿರುಕು, ಅಥವಾ ಪಿಲ್ಲರಿನಲ್ಲಿ ನೇರ ನಿಂತ ಬಿರುಕು ಮತ್ತು ಉಬ್ಬು ಕಂಡರೆ ಅಳೆಯುತ್ತ, ಫೋಟೊ ತೆಗೆಯುತ್ತ ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕರೆತನ್ನಿ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜನ ಸತ್ತರು. ಮೇಲೆ ಕೆಲಸ ನಡೆಯುತ್ತಿತ್ತು, ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ನಮ್ಮಿಂದ ದೂರದ ಊರೇನಲ್ಲ. ಬಾಂಗ್ಲಾದೇಶದ ರಾಣಾ ಪ್ಲಾಜಾದ ಕಥೆ ಇನ್ನೂ ಕಠಿಣ. 2013ರ ಏಪ್ರಿಲ್ 23ರಂದು ಪಿಲ್ಲರು, ಗೋಡೆಗಳಲ್ಲಿ ಬಿರುಕು ಕಂಡಿತು. ನೋಡಿದ ಎಂಜಿನಿಯರ್ ಅಪಾಯವಿದೆ ಎಂದರು. ಮರುದಿನ ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ತೆರೆಯಲಿಲ್ಲ. ಮೇಲಿನ ಗಾರ್ಮೆಂಟ್ ಕಾರ್ಖಾನೆಗಳ ಕೆಲಸಗಾರರನ್ನು ಒಳಗೆ ಕರೆಸಿದರು. ಬೆಳಿಗ್ಗೆ ಕಟ್ಟಡ ಕುಸಿಯಿತು. 1,134 ಜನ. ಆ ದೋಷವನ್ನು ಯಾರೂ ಪತ್ತೆ ಹಚ್ಚಲಿಲ್ಲ ಎನ್ನುವಂತಿಲ್ಲ. ಪತ್ತೆಯಾಗಿತ್ತು. ಬ್ಯಾಂಕಿನವರಿಗೆ ಬಾಗಿಲು ಹಾಕುವ ಅಧಿಕಾರವಿತ್ತು, ಹೊಲಿಗೆಯ ಹೆಣ್ಣುಮಕ್ಕಳಿಗೆ ಇರಲಿಲ್ಲ.

ಮೆಟ್ಟಿಲಿನ ಬಗ್ಗೆ ಎರಡು ಮಾತು. ನಮ್ಮದು ವಿದ್ಯಾರ್ಥಿಗಳ ಊರು, ಮಹಡಿ ಮಹಡಿಗೂ ಕೋಚಿಂಗ್ ಕೇಂದ್ರಗಳಿವೆ. 2019ರ ಮೇ ತಿಂಗಳಲ್ಲಿ ಸೂರತ್ತಿನ ಕೋಚಿಂಗ್ ತರಗತಿಯ ಬೆಂಕಿಯಲ್ಲಿ 22 ಮಂದಿ ಸತ್ತರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದ ಬೆಂಕಿಯಲ್ಲಿ 2010ರ ಫೆಬ್ರುವರಿಯಲ್ಲಿ ಒಂಬತ್ತು ಜನ ಸತ್ತರು. ಮಹಡಿಯ ಮಳಿಗೆಗೆ ಹೋದಾಗ ಮೆಟ್ಟಿಲಿನ ಕೆಳಗೆ ಮೀಟರ್ ಬೋರ್ಡು, ಅದರ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳು ಇವೆಯೇ ನೋಡಿ. ಆ ಒಂದೇ ಮೆಟ್ಟಿಲು ಹೊಗೆಯಿಂದ ತುಂಬಿದರೆ ಇಳಿಯಲು ಇನ್ನೊಂದು ದಾರಿ ಇದೆಯೇ, ತಾರಸಿಯ ಬಾಗಿಲಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ. ಉತ್ತರ ತಡವರಿಸಿದರೆ ನಿಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಬೇಡಿ.

ಕಾಗದಪತ್ರಗಳ ಬಗ್ಗೆ ವಕೀಲರು ಹೇಳುತ್ತಾರೆ. ನನ್ನ ಕಡೆಯಿಂದ ಇಷ್ಟೆ: ಪಾಲಿಕೆ ಮಂಜೂರು ಮಾಡಿದ ನಕ್ಷೆಯನ್ನು ಕೈಯಲ್ಲಿ ಹಿಡಿದು ಅಂತಸ್ತುಗಳನ್ನು ಎಣಿಸಿ. ನಕ್ಷೆಯಲ್ಲಿ ಎರಡು, ಎದುರಿಗೆ ನಾಲ್ಕು ಇದ್ದರೆ ಪಾಯವನ್ನೂ ಎರಡಕ್ಕೇ ಹಾಕಿದ್ದಾರೆ ಎಂದುಕೊಂಡೇ ಮುಂದಿನ ಮಾತು ಆಡಿ.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, ಬಾಡಿಗೆ ಅಂಗಡಿಯಲ್ಲಿ ಹೊಲಿಗೆ ಯಂತ್ರಗಳನ್ನು ಇಟ್ಟುಕೊಂಡಿರುವವರು, ಎದ್ದು ನಿಂತು ಕೇಳಿದರು: ‘ಸರ್, ಬಿರುಕು ಮಾಲೀಕರ ಗೋಡೆಯಲ್ಲಿದೆ, ಕೆಳಗೆ ಕೂರುವವರು ನಾವು. ಹೇಳಿದರೆ ಖಾಲಿ ಮಾಡಿ ಅನ್ನುತ್ತಾರೆ. ನಾವು ಯಾರಿಗೆ ಹೇಳಬೇಕು?’

ಆ ಹೊತ್ತು ನಾನು ಕೊಟ್ಟ ಉತ್ತರ ಹೀಗಿತ್ತು. ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಅಳತೆಪಟ್ಟಿ ಹಿಡಿದು ತೆಗೆದ ಫೋಟೊ, ತಾರೀಖು, ಬಿರುಕಿನ ಉದ್ದ ಅಗಲ ಎಲ್ಲವೂ ಇರಲಿ. ಒಂದು ಪ್ರತಿಯನ್ನು ಮಹಾನಗರ ಪಾಲಿಕೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಕಟ್ಟಡದ ಎಲ್ಲ ಬಾಡಿಗೆದಾರರೂ ಸೇರಿ ಸಹಿ ಹಾಕಿ, ಒಬ್ಬರನ್ನು ಖಾಲಿ ಮಾಡಿಸಿದಷ್ಟು ಸುಲಭವಾಗಿ ಎಂಟು ಜನರನ್ನು ಮಾಡಿಸಲಾಗುವುದಿಲ್ಲ. ಎಲ್ಲರೂ ಸೇರಿದರೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕೊಡುವ ಶುಲ್ಕವೂ ಹಗುರವಾಗುತ್ತದೆ. ಬಿರುಕು ಪಿಲ್ಲರಿನಲ್ಲಿದ್ದರೆ ಮಾತ್ರ ಅರ್ಜಿಗೆ ಉತ್ತರ ಬರುವವರೆಗೆ ಅದರ ಕೆಳಗೆ ಕೂರಬೇಡಿ.

ಹೇಳಿ ಮುಗಿಸಿದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮರುದಿನ ಅವರ ಅಂಗಡಿಗೆ ಹೋದೆ. ಮೊದಲು ಹೊರಗೆ ಒಂದು ಸುತ್ತು ಹಾಕಿದೆ. ಪುಣ್ಯಕ್ಕೆ ಪಿಲ್ಲರುಗಳು ಗಟ್ಟಿಯಾಗಿದ್ದವು. ಬಿರುಕು ಹಿಂದಿನ ಗೋಡೆಯದ್ದು, ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿತ್ತು, ಮೇಲೆ ಅಗಲ. ಗೋಡೆಯ ಆಚೆ ಒಂದು ಬೇವಿನ ಮರ, ಬುಡದ ಎರೆಮಣ್ಣು ಒಣಗಿ ಬಾಯಿ ಬಿಟ್ಟಿತ್ತು. ಯಂತ್ರಗಳನ್ನು ಆ ಗೋಡೆಯಿಂದ ಎದುರಿನ ಗೋಡೆಗೆ ಸರಿಸಿದೆವು. ಪೆನ್ಸಿಲಿನಿಂದ ಎರಡೂ ತುದಿಗೆ ಗೆರೆ ಎಳೆದು ತಾರೀಖು ಬರೆದೆ, ಮೂರು ಕಡೆ ಗಾಜಿನ ಪಟ್ಟಿ ಅಂಟಿಸಿದೆ. ಮಾಲೀಕರಿಗೆ ಕೊಡುವ ಪತ್ರಕ್ಕೆ ಆರು ಜನ ಬಾಡಿಗೆದಾರರು ಸಹಿ ಹಾಕಿದ್ದಾರೆ. ಮಳೆ ಹಿಡಿದು ಎರಡು ವಾರ ಕಳೆದ ಮೇಲೆ ಮತ್ತೆ ಹೋಗಿ ಅಳೆಯಬೇಕಿದೆ.